ಟಿಎಂಡಿ: ದವಡೆ ಕೀಲಿನ ನೋವೂ ಹಲ್ಲಿನ ಡಾಕ್ಟರ ಚಿಕಿತ್ಸೆಯೂ

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದು ಮುಚ್ಚಿ ನೋಡಿ. ಬೆರಳ ಕೆಳಗೆ ಏನೋ ಮುಂದಕ್ಕೆ ಜಾರಿ ಹಿಂದಕ್ಕೆ ಬರುವುದು ಗೊತ್ತಾಗುತ್ತದೆ. ಅದೇ ದವಡೆಯ ಕೀಲು. ಇದರ ಪೂರ್ತಿ ಹೆಸರು ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್, ಚಿಕ್ಕದಾಗಿ ಟಿಎಂಜೆ. ಈ ಕೀಲಿಗೋ ಅದನ್ನು ಆಡಿಸುವ ಸ್ನಾಯುಗಳಿಗೋ ತೊಂದರೆ ಬಂದರೆ ಅದು ಟೆಂಪೊರೊಮ್ಯಾಂಡಿಬ್ಯುಲರ್ ಡಿಸಾರ್ಡರ್, ಅಂದರೆ ಟಿಎಂಡಿ. ಕೆಲವರು ಕಾಯಿಲೆಯನ್ನೂ ಟಿಎಂಜೆ ಅಂತಲೇ ಕರೆಯುತ್ತಾರೆ.

ಟಿಎಂಡಿ ಒಂದೇ ಕಾಯಿಲೆಯಲ್ಲ. ಮೂವತ್ತಕ್ಕೂ ಹೆಚ್ಚು ಬಗೆಯ ತೊಂದರೆಗಳಿಗೆ ಒಟ್ಟಾಗಿ ಇಟ್ಟ ಹೆಸರು ಅದು. ಹಾಗಾಗಿ ಡಾಕ್ಟರು ಟಿಎಂಡಿ ಎಂದರೆ ಅಲ್ಲಿಗೇ ಬಿಡಬೇಡಿ. ನೋವು ಸ್ನಾಯುವಿನದೋ, ಕೀಲಿನ ಮೂಳೆಗಳ ನಡುವಿನ ಡಿಸ್ಕಿನದೋ, ಮೂಳೆಯದೋ ಎಂದು ಕೇಳಿ. ಚಿಕಿತ್ಸೆ ಯಾವುದು ಅನ್ನುವುದು ಆ ಉತ್ತರದ ಮೇಲಿದೆ.

ಕೆಳದವಡೆ ಒಂದೇ ಮೂಳೆ, ಅದರ ಎರಡು ತುದಿಗಳಲ್ಲೂ ಕೀಲು. ಒಂದು ಕಡೆಯ ಕೀಲು ಅಲುಗಿದರೆ ಇನ್ನೊಂದು ಸುಮ್ನೆ ಇರುವಂತಿಲ್ಲ. ಬಾಯಿ ಸ್ವಲ್ಪ ತೆರೆಯುವಾಗ ಕೀಲು ಬಾಗಿಲಿನ ಹಾಗೆ ನಿಂತಲ್ಲೇ ತಿರುಗುತ್ತದೆ. ಆಕಳಿಸುವಾಗ ಹಾಗಲ್ಲ, ಮೂಳೆಯ ತುದಿ ತನ್ನ ಗುಂಡಿಯಿಂದ ಹೊರಟು ಮುಂದಕ್ಕೆ ಜಾರುತ್ತದೆ. ಈ ಎರಡೂ ಚಲನೆಗಳು ಒಟ್ಟಿಗೆ ನಡೆಯಲು ಮೂಳೆಗಳ ನಡುವೆ ಡಿಸ್ಕ್ ಎಂಬ ಗಟ್ಟಿ ನಾರಿನ ತೆಳು ಪದರ ಇದೆ. ದೊಡ್ಡವರು ಪೂರ್ತಿ ಬಾಯಿ ತೆರೆದಾಗ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಜಾಗ ಇರುತ್ತದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ತೂರಿಸಿ ನೋಡಬಹುದು.

ಹೆಚ್ಚಿನವರ ನೋವು ಕೀಲಿನೊಳಗಿನದಲ್ಲ, ಸ್ನಾಯುವಿನದು. ಹಲ್ಲು ಕಚ್ಚಿ ಹಿಡಿದಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯು ಮಾಸೆಟರ್. ಕಣತಲೆಯಲ್ಲಿ ಗಟ್ಟಿಯಾಗುವುದು ಟೆಂಪೊರಾಲಿಸ್. ಇವು ದಣಿದರೆ ನೋವು ತಾನಿರುವ ಜಾಗದಲ್ಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ಟೆಂಪೊರಾಲಿಸ್ ನೋವು ತಲೆನೋವು ಅನ್ನಿಸುತ್ತದೆ. ಮಾಸೆಟರ್ ನೋವು ಕಿವಿನೋವು ಅನ್ನಿಸಬಹುದು, ಕೆಳಗಿನ ದವಡೆ ಹಲ್ಲಿನ ನೋವೂ ಅನ್ನಿಸಬಹುದು. ಆದ್ದರಿಂದ ಹುಳುಕು ಕಾಣದ, ತಟ್ಟಿದರೆ ನೋಯದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸುವ ಮೊದಲು ಕೆನ್ನೆಯ ಸ್ನಾಯುವನ್ನು ಒಮ್ಮೆ ಒತ್ತಿ ನೋಡಿಸಿ. ಒತ್ತಿದ ಕೂಡಲೇ "ಇದೇ ನೋವು" ಅನ್ನಿಸಿದರೆ ಹಲ್ಲು ಪಾಪದ್ದು.

ಡಿಸ್ಕ್ ಜಾಗ ಬಿಟ್ಟು ಮುಂದೆ ಸರಿದಿದ್ದರೆ ಬಾಯಿ ತೆರೆಯುವಾಗ ಲಟಕ್ ಎಂದು ಸದ್ದಾಗುತ್ತದೆ. ಡಿಸ್ಕ್ ಮತ್ತೆ ತನ್ನ ಜಾಗಕ್ಕೆ ಕೂತ ಸದ್ದು ಅದು. ನೋವಿಲ್ಲ, ಬಾಯಿ ಸಲೀಸಾಗಿ ತೆರೆಯುತ್ತದೆ ಎಂದಾದರೆ ಬರೀ ಸದ್ದಿಗೆ ಚಿಕಿತ್ಸೆ ಬೇಡ. ತುಂಬ ಜನರಿಗೆ ಈ ಸದ್ದು ಇದೆ, ಏನೂ ಆಗದೆ ವರ್ಷಗಟ್ಟಲೆ ಇರುತ್ತದೆ. ಆದರೆ ಸದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಂತು, ಅದರ ಜೊತೆಗೇ ಬಾಯಿ ಅರ್ಧ ಮಾತ್ರ ತೆರೆಯುವಂತಾದರೆ ಡಿಸ್ಕ್ ಅಡ್ಡ ಸಿಕ್ಕಿಕೊಂಡಿರಬಹುದು. ಆಗ ತಡ ಮಾಡಬಾರದು. ಮೂರನೆಯ ಬಗೆ ಮೂಳೆಯ ಸವೆತ ಮತ್ತು ವಾತ. ಅಲ್ಲಿ ಕೇಳುವುದು ಮರಳು ತುಳಿದಂಥ ಕರಕರ ಸದ್ದು. ಡಾಕ್ಟರು ತೆಗೆಸುವ, ಎರಡೂ ದವಡೆ ಒಟ್ಟಿಗೆ ಬರುವ ಒಪಿಜಿ ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ. ಡಿಸ್ಕ್ ಕಾಣಬೇಕಾದರೆ ಎಂಆರ್‌ಐ ಬೇಕು.

ಇದೆಲ್ಲ ಯಾಕೆ ಬರುತ್ತದೆ? ಈ ಪ್ರಶ್ನೆಗೆ ಕೊಟ್ಟ ತಪ್ಪು ಉತ್ತರದಿಂದ ಬಹಳ ಜನ ಕಷ್ಟಪಟ್ಟಿದ್ದಾರೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ ಮೂಗು ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಒಂದು ಲೇಖನ ಬರೆದರು. ಹಲ್ಲು ಬಿದ್ದು ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ಕೆಟ್ಟವರಲ್ಲಿ ದವಡೆ ಹಿಂದಕ್ಕೆ ಒತ್ತಿ ಕಿವಿನೋವು, ತಲೆನೋವು ಬರುತ್ತದೆ ಎಂಬುದು ಅವರ ವಾದ. ಅವರು ಹೇಳಿದ ಹಾಗೆ ಒತ್ತಡ ಬೀಳಲು ಆ ಜಾಗದ ರಚನೆಯೇ ಒಪ್ಪುವುದಿಲ್ಲ ಎಂದು ಅಂಗರಚನೆ ಬಲ್ಲವರು ಮುಂದೆ ತೋರಿಸಿದರು. ಆದರೂ "ಕಚ್ಚು ಸರಿಮಾಡಿದರೆ ನೋವು ಹೋಗುತ್ತದೆ" ಎಂಬ ನಂಬಿಕೆ ದಶಕಗಳ ಕಾಲ ಉಳಿಯಿತು. ಚೆನ್ನಾಗಿದ್ದ ಹಲ್ಲುಗಳನ್ನು ಉಜ್ಜಿ ಸವೆಸಿದರು, ಸಾಲುಸಾಲಾಗಿ ಕ್ಯಾಪ್ ಹಾಕಿದರು. 1980ರ ದಶಕದಲ್ಲಿ ಡಿಸ್ಕ್ ತೆಗೆದು ಆ ಜಾಗಕ್ಕೆ ವೈಟೆಕ್ ಕಂಪನಿಯ ಟೆಫ್ಲಾನ್ ಇಂಪ್ಲಾಂಟ್ ಕೂರಿಸಿದರು. ಅವು ಒಳಗೇ ಪುಡಿಯಾಗಿ ಸುತ್ತಲ ಮೂಳೆಯನ್ನು ತಿಂದವು. 1991ರ ಹೊತ್ತಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವನ್ನು ವಾಪಸ್ ತರಿಸಬೇಕಾಯಿತು. ಆ ರೋಗಿಗಳಲ್ಲಿ ಹಲವರಿಗೆ ನೋವು ಜೀವನಪೂರ್ತಿ ಉಳಿಯಿತು.

ಈಗಿನ ತಿಳಿವಳಿಕೆಯಲ್ಲಿ ಕಾರಣ ಒಂದೇ ಅಲ್ಲ. ಹಗಲಲ್ಲಿ ಗೊತ್ತಿಲ್ಲದೆ ಹಲ್ಲು ಕಚ್ಚಿ ಹಿಡಿಯುವುದು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಪೆಟ್ಟು, ಸರಿಯಾಗಿ ನಿದ್ದೆಯಿಲ್ಲದಿರುವುದು, ಮನಸ್ಸಿನ ಒತ್ತಡ, ಮೈಯ ಬೇರೆ ಕಡೆಯ ನೋವುಗಳು ಎಲ್ಲ ಸೇರುತ್ತವೆ. ಹೆಂಗಸರಲ್ಲಿ ಜಾಸ್ತಿ. ಒತ್ತಡವೂ ಒಂದು ಕಾರಣ ಅಂದರೆ ನೋವು ಸುಳ್ಳು ಅಂತಲ್ಲ. ಇದನ್ನು ಮನೆಯವರಿಗೂ ಹೇಳಬೇಕಾಗುತ್ತದೆ, ಅಲ್ವಾ?

ಚಿಕಿತ್ಸೆಯ ವಿಷಯದಲ್ಲಿ ನನ್ನ ಮಾತು ಇಷ್ಟೇ: ಬೇಡವೆಂದಾಗ ನಿಲ್ಲಿಸಬಹುದಾದದ್ದನ್ನು ಮೊದಲು ಮಾಡಿ. ಟಿಎಂಡಿ ನೋವು ಬಹುಪಾಲು ಜನರಲ್ಲಿ ಸರಳ ಆರೈಕೆಯಿಂದಲೇ ಇಳಿಯುತ್ತದೆ. ಉಜ್ಜಿ ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಸರಳ ಆರೈಕೆ ಅಂದರೆ ದವಡೆಗೆ ರಜೆ. ಕೆಲವು ದಿನ ಮೆತ್ತಗಿನ ಊಟ ಮಾಡಿ. ಮುದ್ದೆ ತಿನ್ನುವ ಮನೆಯವರಿಗೆ ಇದು ಸುಲಭ, ಅದನ್ನು ಅಗಿಯುವ ಕೆಲಸವೇ ಇಲ್ಲ. ಇಡ್ಲಿ, ಗಂಜಿ, ಮೆತ್ತಗೆ ಕಲಸಿದ ಅನ್ನ ಸಾರು ಆಗುತ್ತದೆ. ಕಡಕ್ ರೊಟ್ಟಿಯನ್ನು ಸಾರಲ್ಲಿ ನೆನೆಸಿಕೊಳ್ಳಿ. ಕಬ್ಬು, ಚಕ್ಕುಲಿ, ಚ್ಯೂಯಿಂಗ್ ಗಮ್ ಸದ್ಯಕ್ಕೆ ಬಿಡಿ. ಕೆನ್ನೆಗೆ ಬಿಸಿ ಬಟ್ಟೆಯ ಶಾಖ ಕೊಡಿ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಕೊಟ್ಟು ತಡೆಯಿರಿ. ಎಲ್ಲಕ್ಕಿಂತ ಮುಖ್ಯವಾದದ್ದು: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಊಟ ಮಾಡದಿರುವಾಗ ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗುವ ಅಗತ್ಯವೇ ಇಲ್ಲ. ಮೊಬೈಲ್ ನೋಡುವಾಗ, ಗಾಡಿ ಓಡಿಸುವಾಗ ಒಮ್ಮೆ ಗಮನಿಸಿ, ಹಲ್ಲು ಕಚ್ಚಿಕೊಂಡಿದ್ದೀರಾ ಅಂತ.

ಹಲ್ಲಿನ ಡಾಕ್ಟರು ಕೊಡುವ ಸ್ಪ್ಲಿಂಟ್ ಅಥವಾ ನೈಟ್ ಗಾರ್ಡ್ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ. ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ಅದು ಕಾಯುತ್ತದೆ. ನೋವನ್ನು ಅದೊಂದೇ ಗುಣಪಡಿಸುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಿಲ್ಲ. ಮಾಡಿಸುವುದಾದರೆ ನಿಮ್ಮ ಹಲ್ಲಿನ ಅಚ್ಚು ತೆಗೆದು, ಸಾಲಿನ ಎಲ್ಲ ಹಲ್ಲುಗಳನ್ನೂ ಮುಚ್ಚುವಂತೆ ಮಾಡಿಸಿ. ಕೆಲವೇ ಹಲ್ಲು ಮುಚ್ಚುವ ಕವಚವನ್ನು ಬಹಳ ಕಾಲ ಹಾಕಿದರೆ ಹಲ್ಲುಗಳು ಸರಿದು ಕಚ್ಚು ಬದಲಾಗಬಹುದು.

ಬ್ರಿಟಿಷ್ ಮೆಡಿಕಲ್ ಜರ್ನಲ್ 2023ರಲ್ಲಿ ದೀರ್ಘಕಾಲದ ಟಿಎಂಡಿ ನೋವಿಗೆ ಮಾರ್ಗಸೂಚಿ ಪ್ರಕಟಿಸಿತು. ಅದು ಗಟ್ಟಿಯಾಗಿ ಬೆಂಬಲಿಸಿದ್ದು ತಿಳಿದವರ ನಿಗಾದಲ್ಲಿ ಮಾಡುವ ದವಡೆ ವ್ಯಾಯಾಮ, ಕೈಯಿಂದ ಕೀಲು ಮತ್ತು ಸ್ನಾಯು ಸಡಿಲಿಸುವ ಚಿಕಿತ್ಸೆ, ನೋವನ್ನು ನಿಭಾಯಿಸಲು ಕಲಿಸುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಇಂಥವನ್ನು. ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು, ಸ್ಪ್ಲಿಂಟ್, ಕೀಲು ತೊಳೆಯುವ ಆರ್ಥ್ರೊಸೆಂಟೆಸಿಸ್ ಇವುಗಳ ಬಗ್ಗೆ ಸಾಮಾನ್ಯವಾಗಿ ಬೇಡ ಎಂದಿತು. ಡಿಸ್ಕ್ ತೆಗೆಯುವ ಆಪರೇಷನ್ ಬೇಡವೇ ಬೇಡ ಎಂದಿತು. ಸಿಕ್ಕಿಕೊಂಡ ಡಿಸ್ಕಿಗೆ, ಅಂಟಿಕೊಂಡ ಕೀಲಿಗೆ ಸರ್ಜನ್ ಕೈ ಬೇಕಾಗುವುದುಂಟು. ಆದರೆ ಅದು ಮೊದಲ ಭೇಟಿಯಲ್ಲೇ ಆಗುವ ತೀರ್ಮಾನ ಅಲ್ಲ.

ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು. ಅಡಿಕೆ, ಗುಟ್ಕಾ ಹಾಕುವವರಿಗೆ ಬಾಯಿ ತೆರೆಯುವುದು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದೆ, ಖಾರ ತಾಗಿದರೆ ಉರಿ, ಕೆನ್ನೆಯ ಒಳಗೆ ಬಿಳಿಚಿಕೊಂಡು ಬಿಗಿದಿದೆ ಎಂದರೆ ಅದು ಕೀಲಿನ ರೋಗವಲ್ಲ. ಅದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕ್ಯಾನ್ಸರ್‌ಗೆ ತಿರುಗುವ ಅಪಾಯ ಇರುವ ಸ್ಥಿತಿ ಅದು. ಅಡಿಕೆ ಬಿಡುವುದೇ ಅಲ್ಲಿ ಮೊದಲ ಚಿಕಿತ್ಸೆ. ಮಕ್ಕಳು ಗದ್ದ ಊರಿ ಬಿದ್ದಾಗ ಚರ್ಮಕ್ಕೆ ಹೊಲಿಗೆ ಹಾಕಿಸಿ ಮರೆಯುವುದೂ ಉಂಟು. ಆ ಪೆಟ್ಟು ಕೀಲಿಗೆ ಹೋಗಿ, ಮೂಳೆ ಮೂಳೆ ಕೂಡಿಕೊಂಡು ಬಾಯಿಯೇ ತೆರೆಯದಂತೆ ಆಗಬಹುದು. ಗದ್ದದ ಬೆಳವಣಿಗೆಯೂ ಕುಂಠಿತವಾಗುತ್ತದೆ. ಬಿದ್ದ ಮಗುವಿನ ಬಾಯಿ ಎಷ್ಟು ತೆರೆಯುತ್ತಿದೆ ಎಂದು ಮುಂದಿನ ತಿಂಗಳುಗಳಲ್ಲೂ ನೋಡುತ್ತಿರಿ.

ಡೆಂಟಲ್ ಕಾಲೇಜು ಹತ್ತಿರವಿದ್ದರೆ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ, ಅಲ್ಲಿಂದ ಬೇಕಾದ ಕಡೆ ಕಳಿಸುತ್ತಾರೆ. ಆದರೆ ಮೆಟ್ಟಿಲು ಹತ್ತುವಾಗ ಬಂದು, ಕೂತರೆ ಇಳಿಯುವ ದವಡೆ ನೋವಿಗೆ ಹೃದಯದ ಡಾಕ್ಟರು ಬೇಕು. ಐವತ್ತು ದಾಟಿದವರಿಗೆ ಅಗಿಯುವಾಗ ನೋವು, ಹೊಸದಾಗಿ ತಲೆನೋವು, ತಲೆ ಬಾಚಿದರೂ ನೋವು, ಕಣ್ಣು ಮಂಜು ಅನ್ನಿಸಿದರೆ ಅದು ರಕ್ತನಾಳದ ಉರಿಯೂತ ಇರಬಹುದು. ದೃಷ್ಟಿಯೇ ಹೋಗುವ ಅಪಾಯವಿದೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು.