ಟ್ಯಾಂಕರ್ ಹಿಂದಿನ ‘ಇನ್’ ಅಂದರೆ ‘ಇಲ್ಲ’ ಅಂತಲ್ವಾ?

ಪ್ರಶ್ನೆ: ಗಿಣಿಗೇರಾ ಹತ್ತಿರ ನಮ್ಮ ಬೈಕ್ ಮುಂದೆ ಪೆಟ್ರೋಲ್ ಟ್ಯಾಂಕರ್ ನಿಂತಿತ್ತು. ಹಿಂದುಗಡೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿದ್ದರು. ಒಂಬತ್ತನೇ ಕ್ಲಾಸಿನ ಮಗಳು ಕೇಳಿದಳು: ‘ಅಪ್ಪಾ, ಫ್ಲೇಮ್ ಅಂದ್ರ ಉರಿ, ಇನ್ ಅಂದ್ರ ಇಲ್ಲ. ಹಂಗಾದ್ರ ಇದಕ್ಕ ಬೆಂಕಿ ಹತ್ತಂಗಿಲ್ಲೇನು?’ ನನಗೆ ಉತ್ತರ ಹೊಳೆಯಲಿಲ್ಲ. ಯಾವಾಗ ‘ಇನ್’, ಯಾವಾಗ ‘ಅನ್’ ಅನ್ನೋದನ್ನೂ ಹೇಳಿ.
– ಕೊಪ್ಪಳದ ಓದುಗರೊಬ್ಬರು

ಉತ್ತರ: ಮುಂದಿನ ಸಲ ಆ ಟ್ಯಾಂಕರ್‌ನಿಂದ ದೂರ ನಿಲ್ಲಿ. ಬೆಂಕಿ ಹತ್ತುತ್ತದೆ, ಅದೂ ಬಹಳ ಬೇಗ.

ಮಗಳ ಲೆಕ್ಕ ದಡ್ಡ ಲೆಕ್ಕ ಏನಲ್ಲ. ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಎರಡು ‘ಇನ್’ ಬಂದಿವೆ, ನೋಡೋಕೆ ಅವಳಿ-ಜವಳಿ. ಒಂದು ‘ಇಲ್ಲ’ ಅನ್ನುತ್ತದೆ, ಇನ್ನೊಂದು ‘ಒಳಗೆ’ ಅನ್ನುತ್ತದೆ. ಟ್ಯಾಂಕರ್ ಮೇಲಿರೋದು ಎರಡನೆಯದು. ಉರಿ ಹಚ್ಚು ಅನ್ನೋ ಲ್ಯಾಟಿನ್ ಕ್ರಿಯಾಪದದಿಂದ ಬಂದ ಮಾತು ಅದು. ಡಾಕ್ಟರು ಹೇಳೋ ‘ಇನ್‌ಫ್ಲಮೇಶನ್’ ಕೂಡ ಇದೇ ಮನೆತನದ್ದು. ಕನ್ನಡದಲ್ಲಿ ಅದಕ್ಕೆ ಉರಿಯೂತ ಅನ್ನುತ್ತೇವೆ, ನೋಡಿ, ಅಲ್ಲೂ ಉರಿ ಇದೆ.

ನಿಮ್ಮ ಮಗಳ ಹಾಗೆ ಜನ ತಪ್ಪು ತಿಳಿದು ಅನಾಹುತ ಮಾಡಿಕೊಂಡಾರು ಅಂತ, 1920ರ ದಶಕದಲ್ಲೇ ಅಮೆರಿಕದ ಬೆಂಕಿ ಸುರಕ್ಷತೆಯವರು ‘ಇನ್’ ಕಿತ್ತುಹಾಕಿ ಬರೀ ‘ಫ್ಲೇಮಬಲ್’ ಬರೆಯಿರಿ ಅಂತ ಶುರು ಮಾಡಿದರು. ಹಾಗಾಗಿ ಈಗ ಎರಡೂ ಮಾತು ಇವೆ, ಎರಡರ ಅರ್ಥವೂ ಒಂದೇ. ಪರೀಕ್ಷೆಯಲ್ಲಿ ವಿರುದ್ಧ ಪದ ಕೇಳಿದರೆ ‘ನಾನ್‌ಫ್ಲೇಮಬಲ್’ ಬರೆಯಲಿ.

ಇನ್ನು ‘ಇನ್’, ‘ಅನ್’ ಜಗಳ. ‘ಅನ್’ ಇಂಗ್ಲಿಷಿನ ಮನೆಮಗ, ‘ಇನ್’ ಲ್ಯಾಟಿನ್ ಕಡೆಯ ನೆಂಟ. ‘ಹ್ಯಾಪಿ’, ‘ಕೈಂಡ್’ ಥರದ ಮನೆಮಾತಿಗೆ ‘ಅನ್’ ಜಾಸ್ತಿ, ಲ್ಯಾಟಿನ್ ಪದಗಳಿಗೆ ‘ಇನ್’ ಜಾಸ್ತಿ. ಇದನ್ನೇ ನಂಬಿ ಕೂರಬೇಡಿ. ‘ಏಬಲ್’ಗೆ ‘ಅನೇಬಲ್’, ‘ಎಬಿಲಿಟಿ’ಗೆ ಮಾತ್ರ ‘ಇನೆಬಿಲಿಟಿ’! ಇಂಥವನ್ನು ಸುಮ್ನೆ ಬಾಯಿಪಾಠ ಮಾಡಬೇಕು.

‘ಪಾಸಿಬಲ್’ ಮುಂದೆ ‘ಇನ್’ ಹೋಗಿ ‘ಇಮ್’ ಆಗೋದು ಯಾಕೆ ಅಂತ ಮಕ್ಕಳಿಗೆ ಹೇಳಿಕೊಡೋದು ಸುಲಭ. ‘ಕಂತೆ’ ಅನ್ನಲಿ, ಆಮೇಲೆ ‘ಕಂಬ’ ಅನ್ನಲಿ. ಸೊನ್ನೆ ಅದೇ. ಮೊದಲನೆಯದರಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ, ಎರಡನೆಯದರಲ್ಲಿ ತುಟಿ ಮುಚ್ಚುತ್ತದೆ. ಮುಂದಿನ ಅಕ್ಷರ ಎಳೆದ ಕಡೆ ಸೊನ್ನೆ ಹೋಗುತ್ತದೆ. ಅಲ್ಲಿ ಆಗಿದ್ದೂ ಇಷ್ಟೇ. ‘ಲೀಗಲ್’ಗೆ ‘ಇಲ್’, ‘ರೆಗ್ಯುಲರ್’ಗೆ ‘ಇರ್’ ಬಂದಿದ್ದೂ ಹೀಗೇ.

‘ಅನ್’ ಇನ್ನೊಂದು ಕೆಲಸ ಮಾಡುತ್ತದೆ, ಅದನ್ನು ಪಾಠದಲ್ಲಿ ಅಷ್ಟಾಗಿ ಹೇಳೋದಿಲ್ಲ. ರಾಯಚೂರಿನ ಗಂಜ್‌ಗೆ ಹೋಗಿ. ಹತ್ತಿ ಲಾರಿ ಬಂದರೆ ಹಮಾಲರು ‘ಅನ್‌ಲೋಡ್’ ಮಾಡುತ್ತಾರೆ. ಅಂದರೆ ಲೋಡ್ ಮಾಡದೆ ಬಿಡೋದಲ್ಲ, ಹೇರಿದ್ದನ್ನು ಇಳಿಸೋದು. ಕ್ರಿಯಾಪದದ ಮುಂದೆ ನಿಂತರೆ ‘ಅನ್’ ಸಾಮಾನ್ಯವಾಗಿ ಮಾಡಿದ ಕೆಲಸವನ್ನು ತಿರುಗಿಸುತ್ತದೆ. ಫೋನ್ ‘ಅನ್‌ಲಾಕ್’ ಮಾಡೋದೂ ಹಾಗೇ.

‘ಡಿಸ್‌ಇಂಟರೆಸ್ಟೆಡ್’, ‘ಅನ್‌ಇಂಟರೆಸ್ಟೆಡ್’ ಎರಡನ್ನೂ ಒಂದೇ ಅಂತ ಬಳಸೋರು ಇಂಗ್ಲಿಷಿನವರಲ್ಲೂ ಇದ್ದಾರೆ. ನನಗೆ ವ್ಯತ್ಯಾಸ ಉಳಿಸಿಕೊಳ್ಳೋದೇ ಇಷ್ಟ. ಹೊಲದ ಬದುವಿನ ಜಗಳಕ್ಕೆ ಪಂಚಾಯ್ತಿ ಕೂತ ಹಿರಿಯರು ‘ಡಿಸ್‌ಇಂಟರೆಸ್ಟೆಡ್’ ಆಗಿರಬೇಕು, ಅಂದರೆ ಯಾರ ಕಡೆಗೂ ವಾಲಬಾರದು. ‘ಅನ್‌ಇಂಟರೆಸ್ಟೆಡ್’ ಆದರೆ ಕೂತಲ್ಲೇ ತೂಕಡಿಸುತ್ತಾರೆ.

ಇದರಲ್ಲಿ ನಾನೂ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಹಿರಿಯ ಮೇಷ್ಟ್ರೊಬ್ಬರ ಬೀಳ್ಕೊಡುಗೆ ಬ್ಯಾನರ್‌ಗೆ ‘ಇನ್‌ವ್ಯಾಲ್ಯುಯಬಲ್ ಸರ್ವಿಸ್’ ಅಂತ ಬರೆದುಕೊಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಯಾರೋ ‘ಇನ್’ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ! ಬೆಲೆ ಇಲ್ಲದ ಸೇವೆ ಅಂತ ಓದಿಕೊಂಡಿದ್ದರು. ನಾನು ವಾದಕ್ಕೆ ಹೋಗಲಿಲ್ಲ. ‘ಅಮೂಲ್ಯ ಅಂದ್ರೆ ಏನು ಸಾರ್?’ ಅಂದೆ. ಮೂಲ್ಯದ ಮುಂದೆ ‘ಅ’ ಇದೆ, ಆದರೂ ಅದು ಬೆಲೆ ಕಟ್ಟಲಾಗದ್ದು. ಕಾಗದ ಕೀಳೋಕೆ ಹೋದಾಗ ಬಣ್ಣವೂ ಜೊತೆಗೇ ಬಂತು.