ಎಂಜಿನ್ ಹೊಸದು, ಕಾಯಿಲ್ ಹಳೆಯದು: ರೋಟರಿ ಸೀಲ್ ಮತ್ತು ವಾರಂಟಿಯ ಹಿನ್ನೆಲೆ

ರೋಟರಿ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ನಡು ಕೊಂಚ ಒಳಸರಿದ ಅಂಡಾಕಾರದ ಹೌಸಿಂಗ್‌ನೊಳಗೆ ಬದಿ ಉಬ್ಬಿದ ತ್ರಿಕೋನದಂಥ ರೋಟರ್ ಸುತ್ತುತ್ತದೆ. ಅದರ ಮೂರು ಮೂಲೆಗಳಲ್ಲಿ ಮೂರು ಅಪೆಕ್ಸ್ ಸೀಲ್, ಎರಡೂ ಮಗ್ಗುಲಿಗೆ ಸೇರಿ ಆರು ಸೈಡ್ ಸೀಲ್, ಇವು ಕೂಡುವ ಕಡೆ ಆರು ಕಾರ್ನರ್ ಸೀಲ್. ಅನಿಲ ಸೋರದಂತೆ ಪಿಸ್ಟನ್ ರಿಂಗ್ ಮಾಡುವ ಕೆಲಸವನ್ನು ಇಲ್ಲಿ ಈ ಹದಿನೈದು ತುಂಡುಗಳು ಹಂಚಿಕೊಂಡಿವೆ. ಜಪಾನಿನ ಮಜ್ದಾ ಕಂಪನಿಯ ಹೆಸರಾಂತ 13ಬಿ ಎಂಜಿನ್‌ನಲ್ಲಿ ರೋಟರ್ ಅಗಲ 80 ಮಿ.ಮೀ, 1980ರ ದಶಕದ ನಡುವಿನಿಂದ ಅದರ ಅಪೆಕ್ಸ್ ಸೀಲ್ ದಪ್ಪ ಬರೀ 2 ಮಿ.ಮೀ.

ಈ ಸೀಲ್ ಮೊದಲು ಮುಳುಗಿಸಿದ್ದು ಜರ್ಮನಿಯ ಎನ್‌ಎಸ್‌ಯು ಕಂಪನಿಯನ್ನು. ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ಈ ರೋಟರಿ (ವಾಂಕೆಲ್) ಎಂಜಿನ್ ಅಲ್ಲಿ 1957ರಲ್ಲಿ ಮೊದಲು ಓಡಿತು. ಹತ್ತು ವರ್ಷಕ್ಕೆ ಎರಡು ರೋಟರ್‌ಗಳ ಆರ್‌ಒ 80 ಕಾರು ಮಾರುಕಟ್ಟೆಗೆ ಬಂತು, 1968ರ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು. ಆದರೆ ಕೆಲವು ಕಾರುಗಳ ಎಂಜಿನ್ 24,000 ಕಿ.ಮೀ.ಗೇ ಕೈಕೊಡತೊಡಗಿತು. 50,000 ಕಿ.ಮೀ. ಹೊತ್ತಿಗೆ ಎಂಜಿನ್ ಬಿಚ್ಚಬೇಕಾಗಿ ಬಂದದ್ದು ಅಪರೂಪವೇನಲ್ಲ. ಅದರ ಅಪೆಕ್ಸ್ ಸೀಲ್ ಮೂರು ತುಂಡಿನದು, ಮೂರಕ್ಕೂ ಒಂದೇ ಲೋಹ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದಾಗಲೆಲ್ಲ ನಡುವಿನ ತುಂಡು ಉಳಿದೆರಡಕ್ಕಿಂತ ಬೇಗ ಸವೆಯುತ್ತಿತ್ತು. ಅದು ಸವೆದ ಮೇಲೆ ಅಕ್ಕಪಕ್ಕದ ತುಂಡುಗಳು ಅಲುಗಾಡಿ ಉರಿದ ಅನಿಲ ಸೋರಿಹೋಗುತ್ತಿತ್ತು. ನಡುವಿನ ತುಂಡನ್ನು ಫೆರೋಟಿಕ್ ಎಂಬ ಗಡಸು ವಸ್ತುವಿನಲ್ಲಿ ಮಾಡಿದ ಮೇಲೆ ಆ ಕಾಟ ತಪ್ಪಿತು. ಅಷ್ಟರಲ್ಲಿ ವಾರಂಟಿಯಲ್ಲಿ ಎಂಜಿನ್ ಮೇಲೆ ಎಂಜಿನ್ ಕೊಟ್ಟು ಕಂಪನಿಯ ಕೈ ಬರಿದಾಗಿತ್ತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ತೆಕ್ಕೆಗೆ ಹೋಯಿತು. ಸಿಟ್ರಯೆನ್ 1973ರಲ್ಲಿ ತಂದ ಜಿಎಸ್ ಬಿರೋಟರ್ ಕಥೆ ಇನ್ನೂ ಚಿಕ್ಕದು. ಬಿಡಿಭಾಗ ಒದಗಿಸುವ ಹೊರೆಯೇ ಬೇಡವೆಂದು ಕಂಪನಿ ಮಾರಿದ ಕಾರುಗಳನ್ನು ಮರಳಿ ಕೊಂಡು ಗುಜರಿಗೆ ಹಾಕಿಸಿತು.

ಎನ್‌ಎಸ್‌ಯುನಿಂದ 1961ರಲ್ಲಿ ಪರವಾನಗಿ ಪಡೆದ ಮಜ್ದಾ ಹಿರೋಶಿಮಾದಲ್ಲಿ ಬೇರೆಯೇ ತೊಂದರೆ ಎದುರಿಸಿತು. ಹೌಸಿಂಗ್‌ನ ಒಳಮೈ ಮೇಲೆ ಅಲೆಯಲೆಯಾಗಿ ಗೀರು ಬೀಳುತ್ತಿತ್ತು. ಎಂಜಿನಿಯರುಗಳು ಅದನ್ನು ‘ದೆವ್ವದ ಉಗುರಿನ ಗುರುತು’ ಎಂದು ಕರೆದರು. ಸೀಲ್ ಜಾರುತ್ತಾ ಹೋಗದೆ ತನ್ನದೇ ಕಂಪನದಲ್ಲಿ ನಡುಗುವುದೇ ಕಾರಣ ಎಂದು ಕೆನಿಚಿ ಯಮಾಮೊಟೊ ಅವರ ತಂಡ ಕಂಡುಕೊಂಡಿತು. ಸೀಲ್‌ಗೆ ಅಡ್ಡಡ್ಡ ತೂತು ಕೊರೆದು ಕಂಪನ ಬದಲಿಸಿದಾಗ ಗೀರು ನಿಂತಿತು. ಕೊನೆಗೆ ಅಲ್ಯೂಮಿನಿಯಂ ತುಂಬಿಸಿದ ಕಾರ್ಬನ್ ಸೀಲ್‌ನೊಂದಿಗೆ 1967ರಲ್ಲಿ ಕಾಸ್ಮೊ ಸ್ಪೋರ್ಟ್ ರಸ್ತೆಗಿಳಿಯಿತು.

ನಮ್ಮ ಕಾಲದ ವಾರಂಟಿ ಪ್ರಕರಣ ಮಜ್ದಾದ ಆರ್‌ಎಕ್ಸ್-8 ಕಾರಿನದು. 2003ರಲ್ಲಿ ಬಂದ ಈ ಕಾರಿನ ರೆನೆಸಿಸ್ ಎಂಜಿನ್ ತಲಾ 654 ಸಿಸಿಯ ಎರಡು ರೋಟರಿನದು. ಕಂಪ್ರೆಷನ್ (ಎಂಜಿನ್ ಕೋಣೆಯೊಳಗಿನ ಒತ್ತಡ) ಬೀಳುವ ದೂರುಗಳು ಹೆಚ್ಚಿದಾಗ 2008ರಲ್ಲಿ ಮಜ್ದಾ ಉತ್ತರ ಅಮೆರಿಕದಲ್ಲಿ 2004ರಿಂದ 2008ರ ಮಾದರಿಗಳ ಎಂಜಿನ್ ಕೋರ್ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗೆ ಏರಿಸಿತು. ಒಳ್ಳೆಯ ನಿರ್ಧಾರವೇ. ಆದರೆ ‘ಕೋರ್’ ಎಂದರೆ ಹೌಸಿಂಗ್ ಮತ್ತು ಅದರೊಳಗಿನ ಭಾಗಗಳು ಮಾತ್ರ. ಡೀಲರ್ ಸೀಲ್ ಬದಲಿಸುತ್ತಿರಲಿಲ್ಲ. ಇಡೀ ಎಂಜಿನ್ ಇಳಿಸಿ, ಕಾರ್ಖಾನೆಯಲ್ಲಿ ಮರುಜೋಡಿಸಿದ ಕೋರ್ ಏರಿಸುತ್ತಿದ್ದ. ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್, ಇಂಧನ ಚಿಮ್ಮಿಸುವ ಇಂಜೆಕ್ಟರ್, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಳೆಯವೇ ಮತ್ತೆ ಕೂರುತ್ತಿದ್ದವು.

ಎಡವಟ್ಟಾಗುವುದು ಇಲ್ಲೇ. ಆರ್‌ಎಕ್ಸ್-8ರಲ್ಲಿ ಸೀಲ್ ತನ್ನಷ್ಟಕ್ಕೆ ಸಾಯುವುದು ಕಡಿಮೆ, ಸುತ್ತಲಿನವು ಅದನ್ನು ಕೊಲ್ಲುವುದು ಹೆಚ್ಚು. ಕಾಯಿಲ್ ದುರ್ಬಲವಾದರೆ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಸೀಲ್ ಮೇಲಿನ ಆಯಿಲ್ ಪದರವನ್ನು ತೊಳೆದುಹಾಕುತ್ತದೆ, ಮುಂದೆ ಹೋಗಿ ಕನ್ವರ್ಟರ್‌ನೊಳಗೆ ಉರಿದು ಅದನ್ನು ಕರಗಿಸಿ ಕಟ್ಟಿಸುತ್ತದೆ. ಹೊಗೆ ಹೊರಹೋಗದೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ಇದೇ ಕಾಯಿಲ್, ಇದೇ ಕನ್ವರ್ಟರ್ ಹೊಸ ಕೋರ್‌ಗೆ ಸಿಕ್ಕಿದರೆ ಅದರ ಗತಿಯೂ ಅಷ್ಟೇ. ಆದ್ದರಿಂದ ಎಂಜಿನ್ ಬದಲಿಸುವಾಗ ನಾಲ್ಕೂ ಕಾಯಿಲ್, ವೈರ್, ಪ್ಲಗ್ ಹೊಸದು ಹಾಕಿಸಬೇಕು, ಕನ್ವರ್ಟರ್ ಕಟ್ಟಿದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಇವನ್ನು ಕೈಯಿಂದ ಖರ್ಚು ಮಾಡಿಯಾದರೂ ಮಾಡಿಸುವುದು ಲೇಸು.

ಇನ್ನೊಂದು ಕೊರತೆ ಆಯಿಲ್‌ನದು. ರೋಟರಿ ಎಂಜಿನ್ ಸೀಲ್ ನೆನೆಸಲೆಂದೇ ಸಂಪ್‌ನಿಂದ (ಎಂಜಿನ್ ತಳದ ಆಯಿಲ್ ತೊಟ್ಟಿಯಿಂದ) ಸ್ವಲ್ಪ ಆಯಿಲ್ ಎತ್ತಿ ಸುಡುತ್ತದೆ. 2009ರ ಮಾದರಿಯಲ್ಲಿ ಮಜ್ದಾ ಪ್ರತಿ ರೋಟರಿಗೆ ಆಯಿಲ್ ಚಿಮ್ಮುವ ಮೂರನೆಯ ಬಾಯಿ ಕೊಟ್ಟಿತು. ಮೊದಲಿನ ಎರಡು ಸಾಲದಾಗಿದ್ದವು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಎರಡು ಸಲ ಪೆಟ್ರೋಲ್ ತುಂಬಿಸುವಷ್ಟರಲ್ಲಿ ಒಮ್ಮೆಯಾದರೂ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡುವುದು ಕಡ್ಡಾಯ.

ವಾರಂಟಿ ಸಿಗುತ್ತದೋ ಇಲ್ಲವೋ ಎಂದು ಆಗ ನಿರ್ಧರಿಸುತ್ತಿದ್ದುದು ಕಂಪ್ರೆಷನ್ ಟೆಸ್ಟ್. ರೋಟರ್ ಒಂದಕ್ಕೆ ಮೂರು ಮುಖ, ಎರಡಕ್ಕೆ ಆರು ಅಂಕಿ. ಸಾಮಾನ್ಯ ಗೇಜ್ ಮೂರರಲ್ಲಿ ಹೆಚ್ಚಿನದನ್ನಷ್ಟೇ ಹಿಡಿದಿಡುವುದರಿಂದ ರೋಟರಿ ಟೆಸ್ಟರ್ರೇ ಬೇಕು. ಎಂಜಿನ್ ಬಿಸಿಯಿರಬೇಕು, ಇಂಧನ ಮತ್ತು ಇಗ್ನಿಷನ್ ನಿಲ್ಲಿಸಿ, ಥ್ರಾಟಲ್ ಪೂರ್ತಿ ತೆರೆದು ಸೆಲ್ಫ್ ಹೊಡೆಯಬೇಕು. ರೆನೆಸಿಸ್‌ಗೆ 250 ಆರ್‌ಪಿಎಂನಲ್ಲಿ 830 ಕಿಲೊಪ್ಯಾಸ್ಕಲ್ ಸರಿಯಾದ ಅಳತೆ, 680 ಕನಿಷ್ಠ. ಒಂದೇ ರೋಟರಿನ ಮುಖಗಳ ನಡುವೆ 150, ಎರಡು ರೋಟರುಗಳ ನಡುವೆ 100 ಮೀರಿ ವ್ಯತ್ಯಾಸವಿರಬಾರದು. ಬ್ಯಾಟರಿ ಸೋತಿದ್ದರೆ ಆರ್‌ಪಿಎಂ ಇಳಿದು ಒಳ್ಳೆಯ ಎಂಜಿನ್ನೂ ಕೆಟ್ಟಂತೆ ಕಾಣುತ್ತದೆ. ಹಾಗಾಗಿ ಆರ್‌ಪಿಎಂ ಬರೆಯದ ವರದಿಗೆ ಬೆಲೆಯಿಲ್ಲ.

ಅಂಕಿಗಳನ್ನು ಓದುವ ಕ್ರಮವೂ ಇದೆ. ಅಪೆಕ್ಸ್ ಸೀಲ್ ಎರಡು ಕೋಣೆಗಳ ನಡುವಿನ ಗೋಡೆ; ಅದು ಮುರಿದರೆ ಎರಡು ಅಂಕಿ ಬೀಳುತ್ತವೆ, ಒಂದು ನಿಲ್ಲುತ್ತದೆ. ಒಂದೇ ಅಂಕಿ ಬಿದ್ದಿದ್ದರೆ ಸೈಡ್ ಸೀಲ್ ಮಸಿಗೆ ಕಚ್ಚಿಕೊಂಡಿರುವ ಸಂಶಯ. ಮೂರೂ ಸಮನಾಗಿ ಇಳಿದಿದ್ದರೆ ಸವೆತ.

ಆ ವಾರಂಟಿಯ ಅವಧಿ ಈಗ ಮುಗಿದಿದೆ; ಸ್ವತಂತ್ರ ಗ್ಯಾರೇಜಿನಲ್ಲಿ ಬಿಚ್ಚಿಸುವಾಗ ಹೌಸಿಂಗ್‌ನ ಕ್ರೋಮ್ ಲೇಪ ನೋಡಲೇಬೇಕು. ಪ್ಲಗ್ ತೂತಿನ ಸುತ್ತ, ಅಂಚಿನಲ್ಲಿ ಅದು ಎದ್ದಿದ್ದರೆ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ಸೈಡ್ ಸೀಲ್ ಮತ್ತು ಕಾರ್ನರ್ ಸೀಲ್ ನಡುವಿನ ಸಂದು 0.05ರಿಂದ 0.15 ಮಿ.ಮೀ. ಇರುವಂತೆ ಒಂದೊಂದನ್ನೂ ಅರದಿಂದ ಉಜ್ಜಿ ಹೊಂದಿಸಬೇಕು. ಅವಸರದ ಕೈಗೆ ಈ ಕೆಲಸ ಕೊಡಬಾರದು.

ಲೇಪದ ಈ ಕಷ್ಟ ಬೆಂಗಳೂರಿಗೂ ಗೊತ್ತು. ಚಾಲಕರಹಿತ ನಿಶಾಂತ್ ವಿಮಾನಕ್ಕಾಗಿ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್, ರಕ್ಷಣಾ ಸಂಶೋಧನಾ ಸಂಸ್ಥೆಗಳಾದ ವಿಆರ್‌ಡಿಇ, ಎಡಿಇ ಸೇರಿ ಮಾಡಿದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ 2009ರ ಏಪ್ರಿಲ್‌ನಲ್ಲಿ ಕೋಲಾರದಲ್ಲಿ ಮೊದಲ ಬಾರಿ ಹಾರಿತು. ಅಲ್ಯೂಮಿನಿಯಂ ಹೌಸಿಂಗ್ ಒಳಮೈಗೆ ನಿಕಲ್ ಆಧಾರಿತ ಲೇಪ ಕೊಟ್ಟು ಕೋರ್ ರೂಪಿಸಿದ್ದು ಎನ್‌ಎಎಲ್.

ಮಜ್ದಾ 2023ರಲ್ಲಿ ಎಂಎಕ್ಸ್-30 ಕಾರಿಗೆ ಕೂರಿಸಿದ 830 ಸಿಸಿಯ ಒಂಟಿ ರೋಟರ್ 8ಸಿ ಎಂಜಿನ್‌ನಲ್ಲಿ ಅಪೆಕ್ಸ್ ಸೀಲ್ 2.5 ಮಿ.ಮೀ. ದಪ್ಪಗಾಗಿದೆ. ಅದು ಚಕ್ರ ತಿರುಗಿಸುವುದಿಲ್ಲ, ಬ್ಯಾಟರಿಗೆ ಕರೆಂಟು ಹುಟ್ಟಿಸುವ ಜನರೇಟರ್ ಮಾತ್ರ ತಿರುಗಿಸುತ್ತದೆ. ಹಾಗಾಗಿ ಕಾರಿನ ವೇಗ ಏರಿದಂತೆಲ್ಲ ಎಂಜಿನ್ ವೇಗವೂ ಏರಲೇಬೇಕೆಂಬ ಕಟ್ಟು ಸೀಲ್‌ಗೆ ಇಲ್ಲವಾಗಿದೆ.