ಗಡಸು ನೀರಿನ ಊರಿನ ಬಿಯರ್

ಮಾರ್‌ಸ್ಟನ್ಸ್ ಕಂಪನಿಯ ಪೆಡಿಗ್ರೀ ಬಿಯರನ್ನು ಪೀಪಾಯಿಯಿಂದ ಪಂಪು ಮಾಡಿ ಗ್ಲಾಸಿಗೆ ಇಳಿಸಿದಾಗ ಮೊದಲು ಮೂಗಿಗೆ ಬರುವುದು ಬೆಂಕಿಕಡ್ಡಿ ಗೀರಿದ ವಾಸನೆ. ಒಂದೊಂದು ಸಲ ಅದು ಕೊಳೆತ ಮೊಟ್ಟೆಯ ಕಡೆಗೂ ವಾಲುತ್ತದೆ. ಎರಡು ಗುಟುಕು ಒಳಗೆ ಹೋಗುವಷ್ಟರಲ್ಲಿ ಅದು ಮಾಯ. ಆಮೇಲೆ ಉಳಿಯುವುದು ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ, ಬಿಸ್ಕತ್ತಿನಂಥ ರುಚಿ, ಸ್ವಲ್ಪ ಸೇಬು, ನಾಲಿಗೆಯನ್ನು ಒಣಗಿಸಿ ಬಿಡುವ ಕಹಿ. ಗೊತ್ತಿಲ್ಲದವರು ಬಿಯರ್ ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡುತ್ತಾರೆ. ಆ ಊರಿನವರು ಅದನ್ನು ‘ಬರ್ಟನ್ ಸ್ನ್ಯಾಚ್’ ಅಂತ ಕರೆದು, ಅದಿಲ್ಲದಿದ್ದರೆ ಗೊಣಗುತ್ತಾರೆ.

ಊರು ಬರ್ಟನ್ ಅಪಾನ್ ಟ್ರೆಂಟ್, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿದೆ. ಜಾನ್ ಮಾರ್‌ಸ್ಟನ್ ಅಲ್ಲಿ ಬಿಯರ್ ತಯಾರಿ ಶುರು ಮಾಡಿದ್ದು 1834ರಲ್ಲಿ. 1898ರಲ್ಲಿ ಕಂಪನಿ ಶಾಬ್ನಾಲ್ ರಸ್ತೆಯ ಆಲ್ಬಿಯನ್ ಬ್ರೂವರಿಗೆ ಬಂತು. ಪೆಡಿಗ್ರೀ ಹುಟ್ಟಿದ್ದು 1952ರಲ್ಲಿ. ಒಂದು ಕಾಲಕ್ಕೆ ಬ್ಯಾಸ್, ಆಲ್ಸಪ್, ವರ್ದಿಂಗ್ಟನ್ ಅಂತ ದೊಡ್ಡ ದೊಡ್ಡ ಬಿಯರ್ ಕಂಪನಿಗಳೆಲ್ಲ ಇದೇ ಸಣ್ಣ ಊರಿನಲ್ಲಿದ್ದವು. ಯಾಕೆ ಇಲ್ಲೇ?

‘ನೀರಿನ ಮಹಿಮೆ’ ಅನ್ನುವುದು ಹಳೆಯ ಉತ್ತರ. ಇಲ್ಲಿ ಟ್ರೆಂಟ್ ನದಿಯ ನಡುಗಡ್ಡೆಯಲ್ಲಿ ಸಂತ ಮಾಡ್ವೆನ್‌ಳ ಹೆಸರಿನ ಬಾವಿಯೊಂದಿತ್ತು. ಅದರ ನೀರು ರೋಗ ವಾಸಿ ಮಾಡುತ್ತದೆ ಅಂತ ಜನ ನಂಬಿದ್ದರು. ಬಿಯರಿನ ರುಚಿಗೂ ಅದೇ ಪುಣ್ಯ ಅಂಟಿಕೊಂಡಿತು. ನದಿಯ ನೀರಿನಿಂದಲೇ ಬಿಯರ್ ಮಾಡುತ್ತಾರೆ ಅನ್ನುವ ತಪ್ಪು ಕಲ್ಪನೆ ಇನ್ನೊಂದು. ಅದೂ ಅಲ್ಲ. ನೀರು ಬರುವುದು ಬಾವಿಗಳಿಂದ. ಆ ನೆಲದಡಿಯಲ್ಲಿ ಜಿಪ್ಸಮ್ ಪದರಗಳಿವೆ. ನಮ್ಮ ರೈತರು ಶೇಂಗಾಕ್ಕೆ ಹಾಕುವ ಜಿಪ್ಸಮ್ಮೇ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಆ ಪದರಗಳ ಮೂಲಕ ಇಳಿದ ನೀರಿನಲ್ಲಿ ಲೀಟರಿಗೆ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ, 600 ಮಿಲಿಗ್ರಾಂ ದಾಟುವ ಸಲ್ಫೇಟ್ ಇರುತ್ತದೆ. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಸಲ್ಫೇಟ್ 200ರೊಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 400ರವರೆಗೆ ನಡೆಯುತ್ತದೆ. ಆ ಲೆಕ್ಕದಲ್ಲಿ ಬರ್ಟನ್ ಬಾವಿಯ ನೀರು ಫೇಲು!

ಗಡಸು ನೀರು ಅಂದರೆ ಕೆಟ್ಟ ನೀರು ಅಂತ ನಮ್ಮಲ್ಲಿ ಒಂದು ಗಟ್ಟಿ ನಂಬಿಕೆ ಇದೆ. ಬೋರ್‌ವೆಲ್ ನೀರು ಕಂಡರೆ ಮುಖ ಸಿಂಡರಿಸುತ್ತೇವೆ. ಆದರೆ ಗಡಸಿನಲ್ಲಿ ಎರಡು ಜಾತಿ. ಬೈಕಾರ್ಬೊನೇಟಿನಿಂದ ಬಂದ ಗಡಸು ಕುದಿಸಿದರೆ ಬಿಳಿ ಹೆಕ್ಕಳೆಯಾಗಿ ಪಾತ್ರೆಯ ತಳಕ್ಕೆ ಕೂರುತ್ತದೆ. ಸಲ್ಫೇಟಿನಿಂದ ಬಂದದ್ದು ಕುದಿಸಿದರೂ ಜಗ್ಗುವುದಿಲ್ಲ. ಸ್ನಾನಕ್ಕೆ, ಬಟ್ಟೆಗೆ ಎರಡೂ ತಲೆನೋವೇ. ಬಿಯರಿಗೆ ಮಾತ್ರ ಇವೆರಡೂ ಹಾವು ಮುಂಗುಸಿ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು 65 ಡಿಗ್ರಿ ಆಸುಪಾಸಿನ ನೀರಿನಲ್ಲಿ ನೆನೆಹಾಕುತ್ತಾರೆ. ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡಬೇಕು. ಈ ಕೆಲಸ ಚೆನ್ನಾಗಿ ನಡೆಯುವುದು ಪಿಎಚ್ (ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಜಾಸ್ತಿ) 5.2ರಿಂದ 5.5ರ ನಡುವೆ. ಅಷ್ಟು ಹುಳಿ ಎಲ್ಲಿಂದ ಬರಬೇಕು? ಬಾರ್ಲಿಯಲ್ಲೇ ಫಾಸ್ಫೇಟ್ ಬೇಕಾದಷ್ಟಿದೆ. ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದು ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳಕ್ಕೆ ಕೂರುತ್ತದೆ. ಹಾಗೆ ಕೂರುವಾಗ ಫಾಸ್ಫೇಟಿಗೆ ಅಂಟಿದ್ದ ಹೈಡ್ರೋಜನ್ ಅಯಾನುಗಳು ಕಳಚಿ ನೀರಿಗೆ ಬೀಳುತ್ತವೆ. ಹುಳಿ ಅಂದರೆ ಅದೇ ತಾನೇ? ಪಿಎಚ್ ತಾನಾಗಿ ಇಳಿಯುತ್ತದೆ. ಯಾರೂ ಹೊರಗಿನಿಂದ ಆಮ್ಲ ಸುರಿಯಬೇಕಾಗಿಲ್ಲ. ಪಿಎಚ್ ಇಳಿದರೆ ಸಿಪ್ಪೆಯ ಒಗರೂ ಕಡಿಮೆ ಇಳಿಯುತ್ತದೆ, ಬಣ್ಣವೂ ತಿಳಿಯಾಗುತ್ತದೆ.

ಬೈಕಾರ್ಬೊನೇಟ್ ಮಾಡುವುದು ಇದರ ಉಲ್ಟಾ. ಹುಟ್ಟಿದ ಹುಳಿಯನ್ನೆಲ್ಲ ನುಂಗಿ ಹಾಕುತ್ತದೆ. ಲಂಡನ್ ಮತ್ತು ಡಬ್ಲಿನ್ ನೀರು ಆ ಜಾತಿಯದು. ಅದಕ್ಕೇ ಅಲ್ಲಿ ಹೆಸರಾದದ್ದು ಕಪ್ಪು ಬಿಯರ್‌ಗಳು: ಹುರಿದ ಮಾಲ್ಟ್ ತಾನೇ ಹುಳಿ ತರುತ್ತದೆ, ಲೆಕ್ಕ ಸರಿಹೋಗುತ್ತದೆ. ತಿಳಿ ಬಣ್ಣದ ಕಹಿ ಬಿಯರಿಗೆ ಬರ್ಟನ್ನೇ ಬೇಕಾಯಿತು. ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಅನ್ನುವ ಹೂವು; ಸಲ್ಫೇಟ್ ಆ ಕಹಿಯನ್ನು ಚೊಕ್ಕವಾಗಿ, ನಾಲಿಗೆ ಒಣಗಿಸುವಂತೆ ನಿಲ್ಲಿಸುತ್ತದೆ. ಈಗ ಎಲ್ಲೆಲ್ಲೋ ಕೂತು ಬಿಯರ್ ಮಾಡುವವರು ನೀರಿಗೆ ಜಿಪ್ಸಮ್ ಬೆರೆಸಿಕೊಳ್ಳುತ್ತಾರೆ. ‘ಬರ್ಟನೈಸ್’ ಮಾಡುವುದು ಅಂತಲೇ ಅದಕ್ಕೆ ಹೆಸರು. ಮಹಿಮೆ ಚೀಲದಲ್ಲಿ ಸಿಗುತ್ತದೆ.

ಇನ್ನು ಆ ಬೆಂಕಿಕಡ್ಡಿ ವಾಸನೆ. ಯೀಸ್ಟಿಗೆ ಬೆಳೆಯಲು ಗಂಧಕವಿರುವ ಅಮೈನೋ ಆಮ್ಲಗಳು ಬೇಕು. ಸಲ್ಫೇಟನ್ನು ಒಳಗೆಳೆದುಕೊಂಡು, ಅದರ ಆಕ್ಸಿಜನ್ ಕಿತ್ತು, ಸಲ್ಫೈಡ್ ಮಾಡಿಕೊಳ್ಳುತ್ತದೆ. ಬಳಸಿ ಉಳಿದದ್ದು ಹೈಡ್ರೋಜನ್ ಸಲ್ಫೈಡ್ ಆಗಿ ಹೊರಗೆ ಬರುತ್ತದೆ. ಯಾವ ಯೀಸ್ಟ್ ಎಷ್ಟು ಬಿಡುತ್ತದೆ ಅನ್ನುವುದು ಅದರದರ ತಳಿಗೆ ಬಿಟ್ಟದ್ದು.

ಈ ಊರಿನ ಬಿಯರಿಗೆ ಒಮ್ಮೆ ಭಾರೀ ಗಾಳಿಸುದ್ದಿಯ ಪೆಟ್ಟೂ ಬಿತ್ತು. ಇಂಗ್ಲೆಂಡಿನ ಕಹಿ ಬಿಯರಿಗೆ ಸ್ಟ್ರಿಕ್ನಿನ್ ವಿಷ ಬೆರೆಸುತ್ತಾರೆ ಅಂತ ಫ್ರಾನ್ಸಿನಿಂದ ಬಂದ ಮಾತು 1852ರಲ್ಲಿ ಪತ್ರಿಕೆಗಳಿಗೆ ಹಬ್ಬಿತು. ಆಲ್ಸಪ್ ಕಂಪನಿ ಥಾಮಸ್ ಗ್ರಹಾಂ, ಹಾಫ್‌ಮನ್ ಅನ್ನುವ ಇಬ್ಬರು ದೊಡ್ಡ ರಸಾಯನ ವಿಜ್ಞಾನಿಗಳಿಂದ ಬಿಯರ್ ಪರೀಕ್ಷೆ ಮಾಡಿಸಿತು. ವಿಷ ಗಿಷ ಏನೂ ಇರಲಿಲ್ಲ. ಹತ್ತು ವರ್ಷದ ನಂತರ ಹಾಫ್‌ಮನ್ನರ ಸಹಾಯಕ ಪೀಟರ್ ಗ್ರೀಸ್ ಆಲ್ಸಪ್‌ನಲ್ಲೇ ಕೆಲಸಕ್ಕೆ ಸೇರಿದ. ಕೃತಕ ಬಣ್ಣಗಳ ತಯಾರಿಗೆ ಬೇಕಾಗುವ ಡೈಅಜೋ ಸಂಯುಕ್ತಗಳನ್ನು ಕಂಡುಹಿಡಿದವ ಅವನೇ. ಇವತ್ತು ಲ್ಯಾಬಿನಲ್ಲಿ ಮೂತ್ರದ ಸೋಂಕು ನೋಡಲು ಪಟ್ಟಿ ಅದ್ದುತ್ತಾರಲ್ಲ, ಅದರಲ್ಲಿ ನೈಟ್ರೈಟ್ ಇದ್ದರೆ ಗುಲಾಬಿ ಬಣ್ಣ ಬರುವುದು ಗ್ರೀಸ್ ಕೊಟ್ಟ ಪರೀಕ್ಷೆಯಿಂದ. ಬಿಯರ್ ಕಾರ್ಖಾನೆಯ ಸಂಬಳದಲ್ಲಿ ಎಂಥ ವಿಜ್ಞಾನ ನಡೆಯಿತು ನೋಡಿ.

ಇನ್ನೊಂದು ಕಥೆ ನನಗೆ ರೇಗು ಬರಿಸುತ್ತದೆ. ಇಂಡಿಯಾ ಪೇಲ್ ಏಲನ್ನು (ಐಪಿಎ ಅನ್ನುವ ತಿಳಿ ಬಣ್ಣದ ಕಹಿ ಬಿಯರನ್ನು) ಹಡಗಿನ ಪ್ರಯಾಣಕ್ಕೆಂದೇ ಯಾರೋ ಒಬ್ಬ ಮಹಾಶಯ ಕಂಡುಹಿಡಿದ, ಬೇರೆ ಬಿಯರೆಲ್ಲ ದಾರಿಯಲ್ಲಿ ಕೆಡುತ್ತಿದ್ದವು ಅನ್ನುವ ಕಥೆ. ಸುಮ್ನೆ ಮಾತು. ಪೋರ್ಟರ್ ಅನ್ನುವ ಕಪ್ಪು ಬಿಯರ್ ಕೂಡ ರಾಶಿರಾಶಿಯಾಗಿ ಇಂಡಿಯಾಕ್ಕೆ ಬಂದಿದೆ. ನಡೆದದ್ದು ವ್ಯಾಪಾರ. ಬರ್ಟನ್ನಿನವರು ರಷ್ಯಾಕ್ಕೆ ಸಿಹಿಯಾದ ಗಟ್ಟಿ ಬಿಯರ್ ಕಳಿಸುತ್ತಿದ್ದರು. 1822ರಲ್ಲಿ ರಷ್ಯಾ ಸುಂಕ ಹೇರಿತು, ವ್ಯಾಪಾರ ನಿಂತಿತು. ಆಗ ಲಂಡನ್ನಿನ ಹಾಡ್ಜ್‌ಸನ್ ಇಂಡಿಯಾಕ್ಕೆ ಕಳಿಸುತ್ತಿದ್ದ ಬಿಯರನ್ನೇ ಆಲ್ಸಪ್ ನಕಲು ಮಾಡಿದ. ಬರ್ಟನ್ ನೀರಿನಲ್ಲಿ ನಕಲು ಅಸಲಿಗಿಂತ ಚೆನ್ನಾಗಿ ಬಂತು.

2024ರವರೆಗೆ ಮಾರ್‌ಸ್ಟನ್ಸ್‌ನ ಹೆಮ್ಮೆಯಾಗಿದ್ದದ್ದು ಬರ್ಟನ್ ಯೂನಿಯನ್. 1838ರಲ್ಲಿ ಪೀಟರ್ ವಾಕರ್ ಪೇಟೆಂಟ್ ಮಾಡಿದ ವ್ಯವಸ್ಥೆ. ಒಂದೊಂದೂ ಆರುನೂರು ಲೀಟರಿಗಿಂತ ಜಾಸ್ತಿ ಹಿಡಿಯುವ ಓಕ್ ಪೀಪಾಯಿಗಳ ಸಾಲು. ಪ್ರತಿಯೊಂದರ ಬಾಯಿಂದ ಒಂದು ಬಾಗಿದ ಕೊಳವೆ ಮೇಲಿನ ತೊಟ್ಟಿಗೆ ಏರುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಉಕ್ಕುವಂತೆ ಯೀಸ್ಟಿನ ನೊರೆ ಕೊಳವೆ ಹತ್ತಿ ತೊಟ್ಟಿಗೆ ಬೀಳುತ್ತದೆ. ಯೀಸ್ಟ್ ಅಲ್ಲೇ ನಿಲ್ಲುತ್ತದೆ, ಬಿಯರ್ ಮಾತ್ರ ಹರಿದು ವಾಪಸ್ ಪೀಪಾಯಿಗೆ ಸೇರುತ್ತದೆ. ಮರದ ರುಚಿ ಬರಲಿ ಅಂತ ಮಾಡಿದ್ದಲ್ಲ. ಯೀಸ್ಟ್ ಬೇರ್ಪಡಿಸುವ ಉಪಾಯ, ಅಷ್ಟೇ.

ಮಾರ್‌ಸ್ಟನ್ಸ್ ಹೆಸರಿನಲ್ಲಿ ಬಂದ ಉಳಿದ ಬಿಯರ್‌ಗಳ ಬಗ್ಗೆ ಚುಟುಕಾಗಿ. ಆಯಿಸ್ಟರ್ ಸ್ಟೌಟ್ ಅನ್ನುವ ಕಪ್ಪು ಬಿಯರಿನಲ್ಲಿ ಸಿಂಪಿ (ಆಯಿಸ್ಟರ್) ಇಲ್ಲ, ಸಿಂಪಿ ಜೊತೆ ಕುಡಿಯಲಿ ಅಂತ ಆ ಹೆಸರು. ಕಾಫಿ, ಕೋಕೋ ರುಚಿ ಇದೆ, ಆದರೆ ನನಗೆ ತುಸು ತೆಳುವೆನಿಸಿತು. ಓಲ್ಡ್ ಎಂಪೈರ್ ಐಪಿಎ ಹದವಾದ ಕಹಿ, ಕಿತ್ತಳೆ ಸಿಪ್ಪೆಯ ಘಮ, ಕೊನೆಯಲ್ಲಿ ನಾಲಿಗೆ ಒಣಗಿಸುವ ಅದೇ ರುಚಿ. ಔಡ್ ರಾಜರ್ ಕಡು ಬಣ್ಣದ್ದು, ಒಣದ್ರಾಕ್ಷಿಯಂತೆ ಸಿಹಿ, ಅರ್ಧ ಗ್ಲಾಸಿಗೇ ಸಾಕು. ಇಂಗ್ಲಿಷ್ ಬಿಯರ್ ಬಿಸಿ ಅಂತ ತಮಾಷೆ ಮಾಡುವವರಿಗೆ ಒಂದು ಮಾತು: ನೆಲಮಾಳಿಗೆಯಲ್ಲಿ ಅದಿರುವುದು 11ರಿಂದ 13 ಡಿಗ್ರಿಯಲ್ಲಿ. ಐಸಿನಷ್ಟು ತಣ್ಣಗಾದರೆ ಈ ವಾಸನೆ, ರುಚಿ ಯಾವುದೂ ಮೇಲೇಳುವುದಿಲ್ಲ. ಸಸ್ಯಾಹಾರಿಗಳು ಕೇಳಿಕೊಳ್ಳುವುದು ಒಳ್ಳೆಯದು, ಪೀಪಾಯಿ ಬಿಯರನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದ ಅಂಟು ಹಾಕುವ ರೂಢಿ ಇದೆ.

2020ರಲ್ಲಿ ಈ ಬ್ರೂವರಿ ಕಾರ್ಲ್ಸ್‌ಬರ್ಗ್ ಜೊತೆ ಕಟ್ಟಿದ ಜಂಟಿ ಕಂಪನಿಗೆ ಹೋಯಿತು. 2024ರಲ್ಲಿ ಮಾರ್‌ಸ್ಟನ್ಸ್ ತನ್ನ ಪಾಲನ್ನೂ ಮಾರಿ ಬರೀ ಪಬ್ ನಡೆಸುವ ಸಂಸ್ಥೆಯಾಯಿತು. ಅದೇ ವರ್ಷ ಯೂನಿಯನ್‌ಗೆ ವಿದಾಯ ಹೇಳಿದರು. ಒಂದು ಸೆಟ್ ಮಾತ್ರ ಡರ್ಬಿಶೈರ್‌ನ ಬೇಕ್‌ವೆಲ್‌ನಲ್ಲಿರುವ ಥಾರ್ನ್‌ಬ್ರಿಜ್ ಬ್ರೂವರಿ ಸೇರಿತು. ಈಗ ಯೂನಿಯನ್ ಇಲ್ಲದ ಪೆಡಿಗ್ರೀ ಒಂದು ಕಡೆ, ಬರ್ಟನ್ ಬಾವಿ ಇಲ್ಲದ ಯೂನಿಯನ್ ಇನ್ನೊಂದು ಕಡೆ. ಮಾಲ್ಟು, ಯೀಸ್ಟು ಎಲ್ಲ ಬೇರೆಯಾದ್ದರಿಂದ ಶುದ್ಧ ಪ್ರಯೋಗ ಅನ್ನಲಾಗದು. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೂಸಿ ನೋಡುವ ಆಸೆ ನನಗಂತೂ ಇದೆ.